ಎಡಗಡೆಯ ಎಸಳು

ಆ ಸುಳ್ಳು ಹೇಳುವಾಗ ಇಲಿಯಾಸನ ಕೈಯಲ್ಲಿ ಬಣ್ಣ ತೆಳುಮಾಡುವ ಥಿನ್ನರ್ ಡಬ್ಬಿ ಇತ್ತು. ಕೈಗೆ ಕೆಲಸವಿದ್ದಾಗ ಬಾಯಿ ತನ್ನಷ್ಟಕ್ಕೆ ತಾನೇ ಏನಾದರೂ ಆಡಿಬಿಡುತ್ತದೆ; ಅವನದೂ ಹಾಗೇ ಆಯಿತು. ಹಾಗಂತ ಇಡೀ ತಪ್ಪನ್ನು ಡಬ್ಬಿಯ ಮೇಲೆ ಹಾಕುವುದು ನ್ಯಾಯವಲ್ಲ. ಪ್ರಶ್ನೆ ಕೇಳಿದವಳ ಕಣ್ಣಿಗೂ ಅದರಲ್ಲಿ ಪಾಲಿತ್ತು.

ಹೊನ್ನಾಳಿಯಲ್ಲಿ ನ್ಯಾಮತಿ ರಸ್ತೆಗೆ ಮುಖ ಮಾಡಿ ನಿಂತ ತಗಡಿನ ಶೆಡ್ಡೇ 'ನನ್ನೇಸಾಬ ಆರ್ಟ್ಸ್'. ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಹೊಡೆದು ಚಿತ್ರ ಬರೆಯುವ ಜಾಗ. ತುಕ್ಕು ಉಜ್ಜುವುದು, ಬಣ್ಣಕ್ಕೆ ಮುಂಚಿನ ಅಸ್ತರು ಬಳಿಯುವುದು, ಮಾಲೀಕರ ಮಕ್ಕಳ ಹೆಸರು ಬರೆಯುವುದು, ಗಿರಾಕಿಗಳ ಹತ್ತಿರ ಮಾತಾಡುವುದು ಇಲಿಯಾಸನ ಪಾಲು. ಚಿತ್ರ ಮಾತ್ರ ಅವನ ಅಬ್ಬಾ ನನ್ನೇಸಾಬರದೇ. ಹಿಂಬಾಗಿಲಿನ ನಟ್ಟನಡುವೆ ಎಂಟು ಎಸಳಿನ ಒಂದು ತಾವರೆ. ಇಲಿಯಾಸ್ ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಡುತ್ತಾನೆ, ಅಬ್ಬಾ ಒಳಗೆ ಬಣ್ಣ ತುಂಬುತ್ತಾರೆ. ಬುಡದಲ್ಲಿ ಕಡುಗುಲಾಬಿ, ತುದಿಗೆ ಹೋದಂತೆ ಬೆಳ್ಳಗೆ. ಆ ತಾವರೆ ಕಂಡರೆ ಸಾಕು, ಟ್ರೇಲರಿಗೆ ಬಣ್ಣ ಎಲ್ಲಿ ಹೊಡೆಸಿದ್ದು ಎಂದು ಅತ್ತ ತ್ಯಾವಣಿಗೆಯವರೂ ಹೇಳುತ್ತಿದ್ದರು.

ಜನವರಿಯ ಒಂದು ಮಧ್ಯಾಹ್ನ ಕೊರಳಿಗೆ ಕ್ಯಾಮೆರಾ, ಕಂಕುಳಲ್ಲಿ ನೋಟ್‌ಬುಕ್ ಇಟ್ಟುಕೊಂಡು ಒಬ್ಬ ಹುಡುಗಿ ಶೆಡ್ಡಿನ ಮುಂದೆ ನಿಂತಳು.

"ಭಾಯ್, ಒಂದ್ ನಿಮಿಷ ಮಾತಾಡ್ಬೋದಾ?"

ಭಾಯ್! ನೋಡಲು ಇಷ್ಟು ಚೆಂದ ಇರುವವರು ಬಾಯಿ ತೆರೆದ ಕೂಡಲೇ ಹೀಗೆ ಬಾಗಿಲು ಮುಚ್ಚಬಾರದು ಎಂದು ಇಲಿಯಾಸನಿಗೆ ಅನಿಸಿತು. ಆ ಒಂದು ಪದವನ್ನು ಅವಳ ಬಾಯಿಂದ ಬಿಡಿಸಲು ಮುಂದೆ ಅವನಿಗೆ ಪೂರಾ ಒಂದು ತಿಂಗಳು ಹಿಡಿಯಿತು.

"ನಾನು ಬುಶ್ರಾ. ಚನ್ನಗಿರಿಯಿಂದ ಬಂದೀನಿ. ದಾವಣಗೆರೆನಾಗೆ ಚಿತ್ರಕಲಾ ಕಾಲೇಜು, ಫೈನಲ್ ಇಯರ್, ಆರ್ಟ್ ಹಿಸ್ಟರಿ. ಏಪ್ರಿಲ್‌ನಾಗೆ ಡಿಗ್ರಿ ಹುಡುಗ್ರುದ್ದು ಒಂದು ಕಾನ್ಫರೆನ್ಸ್ ಐತೆ. ಟ್ರೇಲರ್ ಚಿತ್ರದ ಮೇಲೆ ಪೇಪರ್ ಓದಾಕೆ ಹೆಸರು ಕೊಟ್ಟೀನಿ."

"ಹಿಸ್ಟರಿ ಅಂದ್ರೆ ಸತ್ತೋರದ್ದಲ್ಲೇನ್ರೀ? ನಾವಿನ್ನೂ ಇದೀವಿ."

"ಇರೋವಾಗ್ಲೇ ಕೇಳ್ಕಂಡ್ರೆ ಒಳ್ಳೇದಲ್ವಾ? ಆಮೇಲೆ ಯಾರನ್ನ ಕೇಳೋದು?" ಎಂದು ನಕ್ಕಳು. ನಗುವಾಗ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು.

ಆಮೇಲೆ ಅವಳು ತಾವರೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಜನ ಚಿತ್ರ ನೋಡುವುದನ್ನು ಇಲಿಯಾಸ್ ಹುಟ್ಟಿದಾಗಿನಿಂದ ಕಂಡಿದ್ದಾನೆ: ಬರುತ್ತಾರೆ, 'ಭೇಷ್' ಎನ್ನುತ್ತಾರೆ, ಮಗನ ಹೆಸರು ಸರಿಯಾಗಿದೆಯೇ ಎಂದು ನೋಡಿ ಹೋಗುತ್ತಾರೆ. ಇವಳು ಹಾಗೆ ನೋಡಲಿಲ್ಲ. ಒಂದೊಂದು ಎಸಳಿನ ಮೇಲೂ ಕಣ್ಣಿಟ್ಟು, ಬೆರಳು ತಾಗಿಸದೆ ಗಾಳಿಯಲ್ಲೇ ಅದರ ಅಂಚು ತಡವಿದಳು. ಸುತ್ತು ಬಂದ ಬೆರಳು ಎಡಗಡೆ ತಟ್ಟನೆ ನಿಂತಿತು.

"ಏಳು ಎಸಳಿಗೆ ಬಣ್ಣ ಐತೆ. ಇದೊಂದು ಬರೀ ಗೆರೆ. ಯಾಕೆ?"

ನಾಲ್ಕು ಹೆಜ್ಜೆ ಆಚೆ ಅಬ್ಬಾ ಅಸರ್ ನಮಾಜಿಗೆ ಹೊರಡಲು ಕೈಕಾಲು ತೊಳೆಯುತ್ತಿದ್ದರು. ಇಲಿಯಾಸ್ ದನಿ ತಗ್ಗಿಸಿ ಹೇಳಿಬಿಟ್ಟ:

"ದೃಷ್ಟಿ ಆಗಬಾರ್ದು ಅಂತ ಬಿಡ್ತೀವಿ. ಪೂರ್ತಿ ಮಾಡಿದ್ರೆ ಕಣ್ಣು ಬೀಳ್ತೈತೆ. ನಮ್ಮ ತಾತನ ಕಾಲದಿಂದ ಬಂದಿದ್ದು."

ಅವಳ ಕಣ್ಣು ಅಗಲವಾದವು. ಹತ್ತು ಅಂಗಡಿ ಸುತ್ತಿ ಸಿಗದ ಬಣ್ಣದ ದಾರ ಹನ್ನೊಂದನೆಯದರಲ್ಲಿ ಸಿಕ್ಕ ಟೈಲರನ ಮಗಳ ಸಂತೋಷ ಅದು. ಅವಳು ನಿಜಕ್ಕೂ ಚನ್ನಗಿರಿಯ ಟೈಲರ್ ಫಯಾಜನ ಮಗಳು. ನೋಟ್‌ಬುಕ್ ಬಿಡಿಸಿ ತಾರೀಖು ಹಾಕಿ ಅಷ್ಟನ್ನೂ ಬರೆದುಕೊಂಡಳು. ಕೊನೆಗೆ ಅವನ ಹೆಸರು ಕೇಳಿ, ಕೆಳಗೆ ಗೆರೆ ಎಳೆದು 'ಹೇಳಿದವರು: ಇಲಿಯಾಸ್, ಹೊನ್ನಾಳಿ' ಎಂದು ಬಾಯಲ್ಲಿ ಹೇಳುತ್ತಲೇ ಬರೆದಳು.

ನಿಜ ಬೇರೆ ಇತ್ತು. ಎರಡು ವರ್ಷದ ಹಿಂದೆ ಅಬ್ಬಾಗೆ ಸಣ್ಣಗೆ ಲಕ್ವ ಹೊಡೆದಿತ್ತು. ಕೈಕಾಲು ಹದಿನೈದು ದಿನದಲ್ಲಿ ಸರಿಹೋದವು. ಆದರೆ ಎಡಗಡೆ ಇರುವುದು ಅವರ ಲೆಕ್ಕಕ್ಕೆ ಬರುವುದು ನಿಂತುಹೋಯಿತು. "ಕಣ್ಣು ಚೆನ್ನಾಗಿದೆ, ಮೆದುಳು ಮಾತ್ರ ಎಡಭಾಗವನ್ನ ಮರೀತಾ ಇದೆ. ಮರೆತಿದೀನಿ ಅಂತಲೂ ಅವರಿಗೆ ಗೊತ್ತಾಗಲ್ಲ" ಎಂದಿದ್ದರು ದಾವಣಗೆರೆಯ ಡಾಕ್ಟರು. ಊಟಕ್ಕೆ ಕೂತರೆ ತಟ್ಟೆಯ ಬಲಗಡೆಯದನ್ನು ಉಂಡು, ಎಡಗಡೆ ಅನ್ನವಿದ್ದರೂ ಕೈ ತೊಳೆಯಲು ಏಳುತ್ತಿದ್ದರು. ಅಮ್ಮಿ ರಹಮತ್‌ಬೀ ಆಗ ಮಾತಿಲ್ಲದೆ ತಟ್ಟೆ ತಿರುಗಿಸಿ ಇಡುತ್ತಿದ್ದಳು. "ಇನ್ನೂ ಐತಾ?" ಎಂದು ನಕ್ಕು ಅಬ್ಬಾ ಉಳಿದದ್ದನ್ನೂ ಉಣ್ಣುತ್ತಿದ್ದರು. ಶೆಡ್ಡಿನಲ್ಲಿ ಇಲಿಯಾಸನದು ಅದೇ ಕೆಲಸ. ಅಬ್ಬಾ ನಮಾಜಿಗೆ ಹೋದ ಇಪ್ಪತ್ತು ನಿಮಿಷದಲ್ಲಿ ಬಿಟ್ಟುಹೋದ ಎಸಳಿಗೆ ಬಣ್ಣ ತುಂಬಿ, ಬ್ರಷ್ ತೊಳೆದಿಟ್ಟು, ಏನೂ ಆಗದವನಂತೆ ನಿಲ್ಲುವುದು. ತಾಯಿ ಮಗ ಇಬ್ಬರೂ ಈ ವಿಷಯ ಬಾಯಿಬಿಟ್ಟು ಮಾತಾಡಿಕೊಂಡವರೇ ಅಲ್ಲ. ಹೊನ್ನಾಳಿ ಸೀಮೆಯಲ್ಲೇ ನನ್ನಂಥ ಕೈ ಇಲ್ಲ ಎಂದು ನಂಬಿರುವ ಮನುಷ್ಯನಿಗೆ ಹೇಗೆ ಹೇಳುವುದು?

ಆ ದಿನ ಬುಶ್ರಾ ಆ ಇಪ್ಪತ್ತು ನಿಮಿಷಕ್ಕೆ ಮುಂಚೆಯೇ ಬಂದಿದ್ದಳು, ಅಷ್ಟೇ.

ಅವಳು ಹೋದ ಮೇಲೆ ಇಲಿಯಾಸ್ ಎಂದಿನಂತೆ ಬ್ರಷ್ ಎತ್ತಿಕೊಂಡ. ಗುರುವಾರ ಮತ್ತೆ ಬರ್ತೀನಿ, ಬಿಸಿಲು ಚೆನ್ನಾಗಿದ್ದಾಗ ಫೋಟೋ ತಗೀಬೇಕು ಎಂದು ಹೇಳಿಹೋಗಿದ್ದಳು. ಎಸಳು ತುಂಬಿದರೆ ಸುಳ್ಳು ಬಯಲಾಗುತ್ತದೆ. ಬ್ರಷ್ ಕೆಳಗಿಟ್ಟ. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಚ್ಚಿಟ್ಟದ್ದನ್ನು, ಒಂದು ಹುಬ್ಬು ಮೇಲೇರಿದ್ದಕ್ಕೆ ಬಯಲಿಗಿಟ್ಟ. ಇದು ತಪ್ಪು ಎಂದು ಅವನಿಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಇಟ್ಟ.

ಜನ ಎಷ್ಟು ಸಲೀಸಾಗಿ ನಂಬಿದರೆಂದರೆ ಅವನಿಗೇ ಆಶ್ಚರ್ಯವಾಯಿತು. "ಇದೊಂದು ಬಿಟ್ಟೀರಲ್ಲ?" ಎಂದ ಕತ್ತಲಗೆರೆಯ ಮೂಕಪ್ಪನಿಗೆ "ದೃಷ್ಟಿಗೆ" ಎಂದರೆ, "ಅದೂ ಖರೆ ಅನ್ರಿ, ನಮ್ಮೂರಾಗೆ ಕಣ್ಣು ಭಾಳ" ಎಂದು ತಲೆಯಾಡಿಸಿ ಟ್ರೇಲರ್ ಕೊಂಡುಹೋದ.

ಬುಶ್ರಾ ಗುರುವಾರ ಬಂದಳು, ಅದರ ಮುಂದಿನ ಗುರುವಾರವೂ ಬಂದಳು. ಚನ್ನಗಿರಿಯಿಂದ ಬಸವಾಪಟ್ಟಣದ ಮೇಲೆ ಬರುವ ಹನ್ನೊಂದರ ಬಸ್ಸು ತಡವಾದರೆ ಇಲಿಯಾಸ್ ಬರೆಯುತ್ತಿದ್ದ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಅವಳು ಕೇಳುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು. ಅವನು ಉತ್ತರ ಕೊಡುವ ನೆಪದಲ್ಲಿ ಅವಳ ಬೆರಳಿಗಂಟಿದ ಶಾಯಿ ನೋಡುತ್ತಿದ್ದ.

"ನನ್ನ ಮುಖದಾಗೆ ಯಾವ ಎಸಳು ಬಿಟ್ಟೈತೆ ಅಂತ ನೋಡ್ತೀರಿ?" ಎಂದು ಒಮ್ಮೆ ತಲೆ ಎತ್ತದೆಯೇ ಕೇಳಿದಳು.

"ಯಾವುದೂ ಬಿಟ್ಟಿಲ್ಲ. ಅದಕ್ಕೇ ಹೆದರಿಕೆ. ದೃಷ್ಟಿ ಆದೀತು."

ಅವಳು ಪೆನ್ನಿನ ಕ್ಯಾಪು ಅವನ ಮೇಲೆ ಎಸೆದಳು. ಅದನ್ನು ಅವನು ವಾಪಸ್ಸು ಕೊಡಲೇ ಇಲ್ಲ.

ಊಟದ ಹೊತ್ತಾದರೆ ಅಮ್ಮಿ ಅವಳನ್ನು ಉಣ್ಣದೆ ಕಳಿಸುತ್ತಿರಲಿಲ್ಲ. ಒಂದು ದಿನ ಅಮ್ಮಿ ಅಬ್ಬಾನ ತಟ್ಟೆ ತಿರುಗಿಸಿದ್ದನ್ನು ಕಂಡು ಬುಶ್ರಾ ಅವನ ಕಡೆ ವಾಲಿ ಪಿಸುಗುಟ್ಟಿದಳು: "ಎಷ್ಟ್ ಪ್ರೀತಿ ನೋಡ್ರೀ ಅವ್ರಿಗೆ. ಒಂದು ಅಗುಳೂ ವೇಸ್ಟ್ ಆಗಬಾರ್ದು ಅಂತ ತಿರುಗಿಸಿ ಉಣ್ಣಿಸ್ತಾರೆ." ಇಲಿಯಾಸ್ ಆಗ ಹೇಳಬಹುದಿತ್ತು. ಹೇಳಲಿಲ್ಲ.

ಒಂದು ಸುಳ್ಳಿಗೆ ಊರುಗೋಲಾಗಿ ಇನ್ನೊಂದು ಬೇಕಾಗುತ್ತದೆ. "ಇದು ನಿಮ್ಮೊಬ್ಬರದೇನಾ, ಸುತ್ತಲ ಕಡೆ ಬೇರೆಯೋರೂ ಮಾಡ್ತಾರಾ?" ಎಂದು ಅವಳು ಕೇಳಿದಾಗ "ನ್ಯಾಮತಿನಾಗೂ ಐತೆ" ಎಂದುಬಿಟ್ಟ. ಅವಳು ಬಸ್ಸು ಹತ್ತಿದ ಕೂಡಲೇ ನ್ಯಾಮತಿಯ ಪೇಂಟರ್ ಗುರುಬಸವರಾಜನಿಗೆ ಫೋನು ಹಚ್ಚಿದ. "ಒಂದೆರಡು ಟ್ರೇಲರ್‌ಗೆ ಎಡಗಡೆ ಎಸಳು ಖಾಲಿ ಬಿಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ." ಗೆಳೆಯ ನಗುತ್ತಾ ಒಪ್ಪಿದ. ಮುಂದಿನ ವಾರ ಬುಶ್ರಾ ನ್ಯಾಮತಿಯಿಂದ ಫೋಟೋ ತೆಗೆದುಕೊಂಡು ಓಡೋಡಿ ಬಂದಳು. "ಇಲಿಯಾಸ್, ಅಲ್ಲೂ ಐತೆ!" ಎಂದಳು. ಮೊದಲ ಸಲ 'ಭಾಯ್' ಇಲ್ಲದ ಅವನ ಹೆಸರು. ಅವನು ಅತ್ತ ತಿರುಗಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ನಿಂತ. ಸುಖವೂ ಹೇಸಿಗೆಯೂ ಒಟ್ಟಿಗೆ ಆಗಬಹುದು ಎಂಬುದು ಅಂದು ಅವನಿಗೆ ತಿಳಿಯಿತು.

ಮಾರ್ಚ್ ಕೊನೆಗೆ ಕಾಲೇಜಿನ ಆಮಂತ್ರಣ ಬಂತು. 'ಗೌರವ ಅತಿಥಿ: ಚಿತ್ರಕಾರ ನನ್ನೇಸಾಬ, ಹೊನ್ನಾಳಿ.' ಅಬ್ಬಾ ಅದನ್ನು ಮಸೀದಿಯಲ್ಲಿ ತೋರಿಸಿದರು, ಚಹಾದಂಗಡಿಯಲ್ಲಿ ತೋರಿಸಿದರು, ಬುಶ್ರಾಳ ಅಪ್ಪ ಫಯಾಜನ ಅಂಗಡಿಯಿಂದಲೇ ಒಂದು ಹೊಸ ಬಿಳಿ ಜುಬ್ಬ ಹೊಲಿಸಿ ತರಿಸಿಕೊಂಡರು. ಇಲಿಯಾಸನಿಗೆ ನಿದ್ದೆ ಬಾರದಾಯಿತು. ಸಭೆಯಲ್ಲಿ ಬುಶ್ರಾ 'ಎಸಳು ಬಿಡುವ ಪದ್ಧತಿ' ಎಂದು ಶುರುಮಾಡಿದರೆ ಮುಂದಿನ ಸಾಲಿನಲ್ಲಿ ಕೂತ ಅಬ್ಬಾ ಏನೆನ್ನುತ್ತಾರೆ? ಅವರು ಜೀವಮಾನದಲ್ಲಿ ಬೇಕೆಂದು ಎಸಳು ಬಿಟ್ಟವರಲ್ಲ.

"ಅಬ್ಬಾಗೆ ಬಸ್ಸು ಆಗಿಬರಲ್ಲ. ಅವ್ರು ಬರೋದ್ ಬೇಡ ಬುಶ್ರಾ" ಎಂದ.

"ಅವ್ರು ಜುಬ್ಬ ಹೊಲಿಸ್ಯಾರೆ. ನೀವೇ ಬೇಡ ಅಂತೀರಿ." ಅವಳ ಮುಖ ಸಣ್ಣದಾಯಿತು. "ನಮ್ಮ ಕಾಲೇಜಿಗೆ ಬರಾಕೆ ನಾಚಿಕೆನಾ? ಇಲ್ಲಾ ನಾಲ್ಕು ಜನದ ಮುಂದೆ ನನ್ನ ಜೊತೆ ನಿಲ್ಲಾಕೆ ನಾಚಿಕೆನಾ?"

ಅವನು ಬ್ರಷ್ ಎತ್ತಿ ತೊಳೆಯತೊಡಗಿದ. ಅವಳು ಒಂದು ಗಳಿಗೆ ಕಾದು, ಚೀಲ ಹೆಗಲಿಗೇರಿಸಿ ಹೋದಳು.

ಸಮ್ಮೇಳನಕ್ಕೆ ಮೂರು ದಿನ ಇರುವಾಗ ಮತ್ತೆ ಬಂದಳು. ಗುರುವಾರವಲ್ಲ, ಸೋಮವಾರ. ಅಬ್ಬಾ ನಮಾಜಿಗೆ ಹೋಗಿದ್ದರು. ಅವಳು ಕೂರಲಿಲ್ಲ. ಮೊಬೈಲಿನಲ್ಲಿದ್ದ ಒಂದು ಫೋಟೋ ಅವನ ಮುಖದ ಮುಂದೆ ಹಿಡಿದಳು.

ಬುಶ್ರಾಳ ಗೆಳತಿ ಅರ್ಪಿತಾಳ ಊರು ಜಗಳೂರು. ಅವಳ ಜೊತೆ ಅಲ್ಲಿಗೆ ಹೋಗಿದ್ದಾಗ ಕರಿಬಸಮ್ಮ ಎಂಬ ಅಜ್ಜಿಯ ಹಿತ್ತಲಲ್ಲಿ ಚಕ್ರವಿಲ್ಲದ ಹಳೇ ಟ್ರೇಲರೊಂದು ಸಿಕ್ಕಿತ್ತಂತೆ. ಕೋಳಿಗಳು ಕೂತು ಹೊಲಸು ಮಾಡಿದ್ದ ಹಿಂಬಾಗಿಲನ್ನು ಒರೆಸಿ ನೋಡಿದರೆ ಕೆಳಗೆ 'ನನ್ನೇಸಾಬ ಆರ್ಟ್ಸ್, ಹೊನ್ನಾಳಿ, 2012'. ನಡುವೆ ತಾವರೆ. ಎಂಟಕ್ಕೆ ಎಂಟು ಎಸಳೂ ತುಂಬಿವೆ.

"ಆ ಅಜ್ಜಿಗೆ ದೃಷ್ಟಿ ವಿಷ್ಯ ಕೇಳ್ದೆ. ನಕ್ಕುಬಿಟ್ಲು. 'ನನ್ನೇಸಾಬ್ರು ಒಂದು ಚುಕ್ಕಿ ಬಿಡೋ ಪೈಕಿ ಅಲ್ಲವ್ವಾ' ಅಂದ್ಲು." ಬುಶ್ರಾ ಮೊಬೈಲು ಕೆಳಗಿಳಿಸಿದಳು. "ವಾಪಸ್ ಬರ್ತಾ ನ್ಯಾಮತಿಗೂ ಹೋಗಿ ಬಂದೆ. ಗುರುಬಸವರಾಜ್ ಎಲ್ಲಾ ಹೇಳಿದ್ರು. ಯಾಕೆ ಮಾಡ್ದೆ ಇಲಿಯಾಸ್? ನಾನು ನಂಬಿಕೊಂಡು ಬರೀವಾಗ ನಿಂಗೆ ನಗು ಬರ್ತಿತ್ತಾ?"

ಮೊದಲ ಸಲ 'ನೀನು' ಎಂದಿದ್ದಳು. ಈ ಪದಕ್ಕಾಗಿ ಅವನು ಎಷ್ಟು ಆಸೆಪಟ್ಟಿದ್ದ, ಬಂದದ್ದು ಹೀಗೆ.

ಅವನು ಹೇಳಿದ. ಲಕ್ವ, ಡಾಕ್ಟರು, ಇಪ್ಪತ್ತು ನಿಮಿಷ, ತಟ್ಟೆ, ಎಲ್ಲವನ್ನೂ. ತಟ್ಟೆಯ ಮಾತು ಬಂದಾಗ ಬುಶ್ರಾ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

"ನಾನು ಕಣ್ಣಾರೆ ಕಂಡಿದ್ದೆ" ಎಂದಳು ತನಗೆ ತಾನೇ. "ನೋಡೋದೇ ನನ್ನ ಓದು ಅಂತ ಕೊಚ್ಚಿಕೊಳ್ತಿದ್ದೆ. ಎದುರಿಗೇ ತಟ್ಟೆ ತಿರುಗಿದ್ರೂ ಕಾಣಲಿಲ್ಲ."

"ಬುಶ್ರಾ, ಅಬ್ಬಾಗೆ ಗೊತ್ತಿಲ್ಲ. ಗೊತ್ತಾದ್ರೆ ಮತ್ತೆ ಬ್ರಷ್ ಹಿಡಿಯಲ್ಲ ಅವ್ರು."

"ಹಂಗಾದ್ರೆ ನಾನೇನ್ ಓದ್ಲಿ? ಹಾಳೆ ಅಚ್ಚಾಗೈತೆ. ಇಲ್ಲಿ ಗೆದ್ದ ಪೇಪರು ಮುಂದಿನ ಸುತ್ತಿಗೆ ಬರೋಡಾಕ್ಕೆ ಹೋಗ್ತೈತೆ. ಸುಳ್ಳು ಓದಿ ಗೆಲ್ಲಾಕೆ ನನ್ ಕೈಲಾಗಲ್ಲ. ನಿಜ ಓದಿದ್ರೆ ನಿಮ್ಮಪ್ಪ ಮುಂದೇ ಕೂತಿರ್ತಾರೆ." ಎದ್ದು ನಿಂತಳು. "ಎರಡೂ ಕಡೆ ನನ್ನ ಕಟ್ಟಿ ಹಾಕಿಬಿಟ್ಟೆ."

ಅವಳು ಹೋದ ಮೇಲೆ ಇಲಿಯಾಸ್ ಜೇಬಿನಲ್ಲಿದ್ದ ಪೆನ್ನಿನ ಕ್ಯಾಪನ್ನು ಮುಷ್ಟಿಯಲ್ಲಿ ಹಿಡಿದು ಕೂತ. ಅಬ್ಬಾ ಬಂದು "ಯಾಕೋ, ಹೊಟ್ಟೆ ನೋವಾ?" ಎಂದು ಕೇಳಿದರು. ಹೌದು ಎಂದ.

ಸಮ್ಮೇಳನದ ದಿನ ಬೆಳಿಗ್ಗೆ ತನಗೆ ಜ್ವರ, ಹೋಗುವುದು ಬೇಡ ಎಂದು ಇಲಿಯಾಸ್ ನಾಟಕ ಮಾಡಿ ನೋಡಿದ. ಅಬ್ಬಾ ಜುಬ್ಬ ತೊಟ್ಟು, ಅತ್ತರು ಹಚ್ಚಿ, "ನೀ ಮಲಗು, ನಾನೊಬ್ಬನೇ ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿದರು. ಎಡಗಾಲಿನ ಚಪ್ಪಲಿ ಅಲ್ಲೇ ಉಳಿದಿತ್ತು. ಅಮ್ಮಿ ಬಗ್ಗಿ ಅದನ್ನು ಕಾಲಿಗೆ ತೊಡಿಸಿ ಮಗನ ಮುಖ ನೋಡಿದಳು. ಇಲಿಯಾಸ್ ಜ್ವರ ಬಿಟ್ಟು ಹೊರಟ.

ದಾವಣಗೆರೆಯ ಕಾಲೇಜಿನ ಸಭಾಂಗಣ. ಒಬ್ಬೊಬ್ಬರಿಗೂ ಹದಿನೈದು ನಿಮಿಷ, ಮುಗಿದರೆ ಗಂಟೆ. ಒಬ್ಬ ಹುಡುಗ ಹೊಯ್ಸಳರ ಕಂಬಗಳ ಬಗ್ಗೆ ಗಂಟೆ ಎರಡು ಸಲ ಬಾರಿಸಿದರೂ ನಿಲ್ಲಿಸದೆ ಓದಿದ. ಅಬ್ಬಾಗೆ ಹಾರ ಹಾಕಿ ಮುಂದಿನ ಸಾಲಿನಲ್ಲಿ ಇಲಿಯಾಸನ ಪಕ್ಕ ಕೂರಿಸಿದ್ದರು. ಎಲ್ಲರ ಕೈಗೂ ಪ್ರಬಂಧಗಳ ಸಾರಾಂಶದ ಹಾಳೆ ಕೊಟ್ಟಿದ್ದರು. ಬುಶ್ರಾಳ ಹಾಳೆಯಲ್ಲಿ ಹೊನ್ನಾಳಿಯ ತಾವರೆಯ ಫೋಟೋ, ಎಡಗಡೆ ಒಂದು ಎಸಳು ಖಾಲಿ.

"ಎಷ್ಟ್ ಚೆಂದ ಬಂದೈತೆ ನೋಡೋ ಫೋಟೋ" ಎಂದು ಅಬ್ಬಾ ಅದನ್ನು ಮಡಿಸದೆ ತೊಡೆಯ ಮೇಲಿಟ್ಟುಕೊಂಡರು.

ಬುಶ್ರಾಳ ಹೆಸರು ಕೂಗಿದರು. ಹಸಿರು ದುಪಟ್ಟಾ ತಲೆಗೆಳೆದುಕೊಂಡು ಮೈಕಿನ ಮುಂದೆ ನಿಂತಳು. ಮುಖ ಬಿಳಿಚಿತ್ತು. ಅವಳ ಗೈಡ್ ಕಸ್ತೂರಮ್ಮ ಮೇಡಂ ಧೈರ್ಯ ತುಂಬುವಂತೆ ತಲೆಯಾಡಿಸಿದರು. ಬುಶ್ರಾ ಒಮ್ಮೆ ಅಬ್ಬಾನ ಕಡೆ, ಒಮ್ಮೆ ಇಲಿಯಾಸನ ಕಡೆ ನೋಡಿದಳು.

"ನನ್ನ ಪ್ರಬಂಧದ ಶೀರ್ಷಿಕೆ ನಿಮ್ಮ ಕೈಯಲ್ಲಿದೆ. 'ಬಿಟ್ಟ ಎಸಳು: ಹೊನ್ನಾಳಿ ಸೀಮೆಯ ಟ್ರೇಲರ್ ಚಿತ್ರಗಳಲ್ಲಿ ದೃಷ್ಟಿ ನಿವಾರಣೆಯ ಪದ್ಧತಿ.' ಈ ಶೀರ್ಷಿಕೆ ತಪ್ಪು. ಅಂಥ ಪದ್ಧತಿ ಇಲ್ಲ."

ಸಭೆ ಗುಸುಗುಟ್ಟಿತು. ಕಸ್ತೂರಮ್ಮ ಮೇಡಂ ಕನ್ನಡಕ ತೆಗೆದರು.

"ಒಬ್ಬರು ಹೇಳಿದ್ದನ್ನ ನಂಬಿದೆ, ತಾಳೆ ನೋಡಲಿಲ್ಲ. ತಪ್ಪು ನನ್ನದು. ಉಳಿದ ಹೊತ್ತಿನಲ್ಲಿ ಕಣ್ಣಾರೆ ಕಂಡಿದ್ದನ್ನಷ್ಟೇ ಹೇಳ್ತೀನಿ."

ಪರದೆಯ ಮೇಲೆ ಜಗಳೂರಿನ ತಾವರೆ ಅರಳಿತು. "ಕರಿಬಸಮ್ಮನ ಟ್ರೇಲರ್!" ಎಂದು ಅಬ್ಬಾ ಕೂತಲ್ಲಿಂದಲೇ ಕೂಗಿದರು, ಎಲ್ಲರೂ ನಕ್ಕರು. ಒಂದೇ ಬ್ರಷ್ಷಿನ ಒಂದು ಬದಿಗೆ ಗುಲಾಬಿ, ಇನ್ನೊಂದು ಬದಿಗೆ ಬಿಳಿ ಅದ್ದಿ ಒಂದೇ ಎಳೆತದಲ್ಲಿ ಎಸಳು ಮಾಡುವ ಬಗೆ, ಹದಿಮೂರು ವರ್ಷದ ಬಿಸಿಲು ಮಳೆಗೂ ಮಾಸದ ಅದರ ಅಂಚು, ಆ ಕೈಯ ವೇಗ, ಹೀಗೆ ಅವಳು ಹೇಳುತ್ತಾ ಹೋದಳು. ಅಬ್ಬಾನ ಬೆನ್ನು ನೆಟ್ಟಗಾಯಿತು. ತನ್ನ ಅಪ್ಪ ಏನು ಮಾಡುತ್ತಾನೆಂದು ಇಲಿಯಾಸನಿಗೂ ಅಂದೇ ಪೂರ್ತಿ ಅರ್ಥವಾದದ್ದು.

ಗಂಟೆ ಬಾರಿಸಿದರು. ಮುಗಿಯಿತು ಎಂದುಕೊಳ್ಳುವಾಗ ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ಹಾಳೆ ಎತ್ತಿ ಹಿಡಿದರು.

"ಪದ್ಧತಿ ಇಲ್ಲ ಅಂದ್ರಿ. ಆದರೆ ಈ ಫೋಟೋದಲ್ಲಿ ಎಡಗಡೆ ಎಸಳು ಖಾಲಿ ಇದೆ. ಯಾಕೆ?"

"ಕಾರಣ ನನಗೆ ಗೊತ್ತು ಸರ್. ಹೇಳೋ ಹಕ್ಕು ನನಗಿಲ್ಲ."

"ಕಾರಣ ಹೇಳದಿದ್ದರೆ ಅದು ಸಂಶೋಧನೆ ಆಗಲ್ಲಮ್ಮ."

"ಆಗಲ್ಲ ಸರ್" ಎಂದು ಬುಶ್ರಾ ಹಾಳೆಗಳನ್ನು ಜೋಡಿಸಿಕೊಂಡು ಕೆಳಗಿಳಿದಳು. ಮೂರನೆಯ ಸಾಲಿನಲ್ಲಿ ಕೂತು ತಲೆ ತಗ್ಗಿಸಿದಳು. ಯಾರೋ ಒಂದಿಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು.

ಅಬ್ಬಾ ತೊಡೆಯ ಮೇಲಿನ ಫೋಟೋ ದಿಟ್ಟಿಸುತ್ತಿದ್ದರು.

"ಯಾವ ಎಸಳೋ?" ಎಂದರು ಮೆಲ್ಲಗೆ. "ಎಲ್ಲಾ ಅವೆಯಲ್ಲ?"

ಇಲಿಯಾಸ್ ಬೇಕಾದರೆ ಇನ್ನೊಂದು ಸುಳ್ಳು ಹೇಳಬಹುದಿತ್ತು. ಈಗ ಅವನಿಗೆ ಅದರಲ್ಲಿ ಕೈ ಪಳಗಿತ್ತು. ಮೂರನೆಯ ಸಾಲಿನ ಹಸಿರು ದುಪಟ್ಟಾ ಕಂಡಿತು. ಅವಳು ತನ್ನದನ್ನೆಲ್ಲ ಬಿಟ್ಟುಕೊಟ್ಟು ಅವನ ಮನೆಯ ಗುಟ್ಟು ಕಾಯ್ದಿದ್ದಳು. ಅವನು ಕೈ ಚಾಚಿ, ಅಮ್ಮಿ ತಟ್ಟೆ ತಿರುಗಿಸುವ ಹಾಗೆ, ಅಬ್ಬಾನ ತೊಡೆಯ ಮೇಲೆಯೇ ಹಾಳೆಯನ್ನು ಮೆಲ್ಲಗೆ ತಿರುಗಿಸಿದ.

ಖಾಲಿ ಎಸಳು ಬಲಕ್ಕೆ ಬಂತು. ಅಬ್ಬಾ ಅದರ ಮೇಲೆ ಬೆರಳಿಟ್ಟರು. ಹಾಳೆಯನ್ನು ಮತ್ತೆ ತಾವೇ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು. ಆಮೇಲೆ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಹೊರಗೆ ನಡೆದರು.

ವರಾಂಡದ ಕಟ್ಟೆಯ ಮೇಲೆ ಅವರ ಬಲಗಡೆಗೆ ಹೋಗಿ ಇಲಿಯಾಸ್ ಕೂತ.

"ಎಷ್ಟು ದಿನದಿಂದ?"

"ಲಕ್ವ ಹೊಡೆದಾಗ್ಲಿಂದ, ಅಬ್ಬಾ. ಮೊದ್ಲು ನಾನೇ ತುಂಬ್ತಿದ್ದೆ. ಜನವರಿಯಿಂದ ಬಿಟ್ಟೀನಿ. ಹನ್ನೊಂದು ಟ್ರೇಲರ್."

"ಯಾಕೆ ಬಿಟ್ಟೆ?"

ಇಲಿಯಾಸನ ಕಣ್ಣು ತಾನಾಗಿ ಸಭಾಂಗಣದ ಬಾಗಿಲ ಕಡೆ ಹೋಯಿತು. ಅಬ್ಬಾ ಅದನ್ನು ಕಂಡರು, ಬಾಗಿಲು ಬಲಗಡೆಗಿತ್ತು.

"ಹನ್ನೊಂದು ಕಡೆ ನನ್ನ ಹೂವು ಊನ ಮಾಡಿ ನಿಲ್ಸಿದೀಯ" ಎಂದರು. ಬೈಗುಳಕ್ಕಿಂತ ಅದು ಹೆಚ್ಚು ಸುಟ್ಟಿತು. ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. "ನಿಮ್ಮಮ್ಮಂಗೆ ಗೊತ್ತಾ?"

"ಗೊತ್ತು."

"ಅದಕ್ಕೇ ತಟ್ಟೆ ತಿರುಗಿಸ್ತಾಳಾ?" ಜುಬ್ಬದ ತೋಳಿನಿಂದ ಮುಖ ಒರೆಸಿಕೊಂಡರು. "ನಾನು ಪ್ರೀತಿ ಅಂದ್ಕಂಡಿದ್ದೆ ಕಣೋ."

"ಪ್ರೀತೀನೇ ಅಬ್ಬಾ. ಮತ್ತೇನು?"

ಬಹುಮಾನ ಹೊಯ್ಸಳರ ಕಂಬದ ಹುಡುಗನಿಗೆ ಹೋಯಿತು. ಬರೋಡಾಕ್ಕೂ ಅವನೇ ಹೋದ. ಕಸ್ತೂರಮ್ಮ ಮೇಡಂ ಒಂದು ವಾರ ಬುಶ್ರಾಳ ಜೊತೆ ಮಾತು ಬಿಟ್ಟಿದ್ದರಂತೆ. ಇಲಿಯಾಸ್ ಕಳಿಸಿದ ಮೆಸೇಜುಗಳಿಗೆ ನೀಲಿ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಅಬ್ಬಾ ಹತ್ತು ದಿನ ಶೆಡ್ಡಿಗೆ ಬರಲಿಲ್ಲ. ಹನ್ನೊಂದನೆಯ ದಿನ ಬಂದು, "ಆ ಹನ್ನೊಂದೂ ಎಲ್ಲೆಲ್ಲಿ ಅವೆ, ನಡಿ" ಎಂದರು. ಗಾಡಿಯ ಮೇಲೆ ಡಬ್ಬಿ ಬ್ರಷ್ ಕಟ್ಟಿಕೊಂಡು ತಂದೆ ಮಗ ಊರೂರು ಸುತ್ತಿದರು. ಹಿಂಬಾಗಿಲು ಕಳಚಿ, ತಲೆಕೆಳಗು ಮಾಡಿ ಒರಗಿಸಿದರೆ ಬಿಟ್ಟ ಎಸಳು ಬಲಕ್ಕೆ ಬರುತ್ತಿತ್ತು. ಅಬ್ಬಾ ಅದನ್ನು ತಲೆಕೆಳಗಾಗಿಯೇ ತುಂಬುತ್ತಿದ್ದರು. ಕೈ ಮೊದಲಿನದೇ. ಕೊನೆಯದು ಮೂಕಪ್ಪನದು. ಹೇಳಿ ಕಳಿಸಿದ್ದಕ್ಕೆ ಅವನು ಟ್ರೇಲರನ್ನು ಶೆಡ್ಡಿಗೇ ತಂದು ನಿಲ್ಲಿಸಿ, "ಬ್ಯಾಡ್ರಿ ಸಾಬ್ರೇ, ಅದು ಹಂಗೇ ಇರ್ಲಿ. ಇದನ್ನ ಬಿಟ್ಟ ಮೇಲೆ ಒಂದು ಪಂಕ್ಚರೂ ಆಗಿಲ್ಲ" ಎಂದು ಹಟ ಹಿಡಿದ. ಅವನನ್ನು ಒಪ್ಪಿಸುವುದರಲ್ಲಿ ಅರ್ಧ ದಿನ ಹೋಯಿತು.

ಆ ವಾದದ ನಡುವೆಯೇ ಹನ್ನೊಂದರ ಬಸ್ಸು ಬಂತು. ಬುಶ್ರಾ ಇಳಿದಳು. ಪರೀಕ್ಷೆ ಮುಗಿಸಿ ಸೊರಗಿದ್ದಳು. ಅಬ್ಬಾಗೆ ಸಲಾಂ ಹೇಳಿ, ಅವರು ಎಸಳು ತುಂಬುವುದನ್ನು ಮೊದಲಿನಿಂದ ಕೊನೆವರೆಗೆ ನಿಂತು ನೋಡಿದಳು. ಆಮೇಲೆ ಇಲಿಯಾಸನ ಎದುರಿನ ಸ್ಟೂಲಿನ ಮೇಲೆ ಕೂತಳು.

"ಸಿಟ್ಟು ಇನ್ನೂ ಐತೆ" ಎಂದಳು.

"ಇರ್ಲಿ."

"ಬೇಗ ಹೋಗೋ ಸಿಟ್ಟಲ್ಲ ಇದು."

"ನಾನೂ ಎಲ್ಲೂ ಹೋಗಲ್ಲ."

ಹುಬ್ಬು ಮೇಲೇರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು, ಜನವರಿಯ ಪುಟ ಬಿಡಿಸಿದಳು. ಅವನ ಸುಳ್ಳಿನ ಮೇಲೆ ಉದ್ದಕ್ಕೆ ಗೆರೆ ಎಳೆದಿದ್ದಳು, ಹರಿದಿರಲಿಲ್ಲ.

"ಯಾಕೆ ಹೇಳಿದ್ರಿ? ಕಾರಣ ಪೂರ್ತಿ ಬೇಕು. ಅವತ್ತು ಅರ್ಧ ಹೇಳಿದ್ರಿ."

ಇಲಿಯಾಸನ ಕೈಯಲ್ಲಿ ಈಗ ಡಬ್ಬಿ ಇರಲಿಲ್ಲ, ಬ್ರಷ್ ಇರಲಿಲ್ಲ. ಎರಡೂ ಕೈ ಖಾಲಿ.

"ಮೊದಲ್ನೇ ದಿನ ಅಬ್ಬಾ ಸಲುವಾಗಿ. ಎರಡನೇ ದಿನದಿಂದ ನಿಮ್ಮ ಸಲುವಾಗಿ. ನಿಜ ಹೇಳಿದ್ರೆ ನಿಮ್ಮ ಕೆಲ್ಸ ಅವತ್ತೇ ಮುಗೀತಿತ್ತು. ಮುಗುದ್ರೆ ನೀವು ಬರ್ತಿರ್ಲಿಲ್ಲ. ನೀವು ಬರ್ದೇ ಇರೋ ಗುರುವಾರ ನಂಗೆ ಬೇಕಿರ್ಲಿಲ್ಲ. ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ, ಬುಶ್ರಾ. ಅದಕ್ಕೆ ಅಬ್ಬಾನ್ನ ಬೀದೀಗಿಟ್ಟೆ. ಅದು ತಪ್ಪು. ಎರಡೂ ನಿಜ."

ಅವಳು ತಾರೀಖು ಹಾಕಿ ಬರೆದುಕೊಂಡಳು. ಒಂದಕ್ಷರ ಬಿಡಲಿಲ್ಲ. ಕೆಳಗೆ 'ಹೇಳಿದವರು: ಇಲಿಯಾಸ್, ಹೊನ್ನಾಳಿ' ಎಂದು ಬರೆದಳು.

"ಒಬ್ಬರ ಮಾತು ನಂಬಿ ಒಂದ್ ಸಲ ಕೆಟ್ಟೀನಿ. ಇದನ್ನ ತಾಳೆ ನೋಡ್ಬೇಕು" ಎಂದಳು.

"ಎಷ್ಟ್ ದಿನ ಹಿಡೀತೈತೆ?"

"ಹೇಳಾಕಾಗಲ್ಲ. ವಾರಕ್ಕೊಂದ್ ಸಲ ಬರ್ತೀನಿ." ಪೆನ್ನು ತೋರಿಸಿದಳು. "ಇದರ ಕ್ಯಾಪ್ ಕೊಡ್ರಿ. ಶಾಯಿ ಒಣಗ್ತೈತೆ."

ಅವನು ಜೇಬಿನಿಂದ ತೆಗೆದು ಕೊಟ್ಟ. ಅದು ಅಷ್ಟು ಬೇಗ ಸಿಕ್ಕಿದ್ದಕ್ಕೆ ಅವಳು ಒಂದು ಗಳಿಗೆ ಅವನನ್ನೇ ನೋಡಿದಳು.

ಅಮ್ಮಿ ಊಟಕ್ಕೆ ಕರೆದಳು. ನಾಲ್ವರೂ ಚಾಪೆಯ ಮೇಲೆ ಕೂತರು. ಸಮ್ಮೇಳನದಿಂದ ಬಂದ ದಿನದಿಂದ ಅಬ್ಬಾ ತಮ್ಮ ತಟ್ಟೆ ತಾವೇ ತಿರುಗಿಸಿಕೊಳ್ಳುತ್ತಿದ್ದರು. ಅಮ್ಮಿ ಕೈ ಕಟ್ಟಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ಇವತ್ತೂ ಬಲಗಡೆಯದು ಮುಗಿದ ಮೇಲೆ ಅಬ್ಬಾನ ಕೈ ತಟ್ಟೆಯ ಅಂಚಿಗೆ ಹೋಯಿತು. ಅಲ್ಲೇ ನಿಂತಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಹೆಂಡತಿಯ ಕಡೆ ನೋಡಿದರು.

"ಎಡಗಡೆ ಅನ್ನ ಐತೆ ಅಂತ ನಂಗೆ ಗೊತ್ತು" ಎಂದರು. "ಆದ್ರೂ ನೀನೇ ತಿರುಗಿಸು."

ಅಮ್ಮಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಗ್ಗಿ ತಟ್ಟೆ ತಿರುಗಿಸಿದಳು. ಇಲಿಯಾಸ್ ಬುಶ್ರಾಳ ಕಡೆ ನೋಡಿದ. ನೋಟ್‌ಬುಕ್ ಅವಳ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.